ಕ್ಷಮೆ ಸಿಕ್ಕಿತೆಂದು ತಿಳಿಯುವುದು ಯಾವಾಗ? ಕಥೋಲಿಕರ ಪಾಪನಿವೇದನೆ ಮತ್ತು ಮಾರ್ಮನರ ಪಶ್ಚಾತ್ತಾಪ

ಪ್ರಶ್ನೆ: ಮಂಗಳೂರಿನವನು, ಈಗ ಯೂಟಾದಲ್ಲಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಕಥೋಲಿಕ ಕುಟುಂಬದವನು. ಮನೆಮಾತು ಕೊಂಕಣಿ, ಓದು ಬರಹವೆಲ್ಲ ಕನ್ನಡದಲ್ಲಿ. ಆರು ವರ್ಷಗಳಿಂದ ಅಮೆರಿಕದ ಯೂಟಾ ರಾಜ್ಯದ ಲೀಹೈ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದೇನೆ. ನಮ್ಮ ಬೀದಿಯ ಬಹುಪಾಲು ಮನೆಯವರು ಮಾರ್ಮನರು. ತಮ್ಮನ್ನು ಈ ಅಡ್ಡಹೆಸರಿನಿಂದಲ್ಲ, ‘ಅಂತ್ಯದಿನಗಳ ಸಂತರ ಯೇಸು ಕ್ರಿಸ್ತರ ಸಭೆ’ ಎಂಬ ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು ಅವರ ಸಭೆಯ ಅಧ್ಯಕ್ಷರು 2018ರಲ್ಲಿ ಕೇಳಿಕೊಂಡಿದ್ದಾರೆ. ಕನ್ನಡದ ಓದುಗರಿಗೆ ಗುರುತು ಸಿಗಲೆಂಬ ಒಂದೇ ಕಾರಣಕ್ಕೆ ಹಳೆಯ ಹೆಸರನ್ನು ಬಳಸುತ್ತಿದ್ದೇನೆ, ಅಗೌರವದಿಂದ ಅಲ್ಲ.

ಕೆಲವು ತಿಂಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬರು, ತಮ್ಮ ಮಗಳು ಮೊದಲ ಬಾರಿಗೆ ಸಭೆಯ ಮುಂದೆ ಮಾತನಾಡಲಿದ್ದಾಳೆಂದು ನನ್ನನ್ನು ಭಾನುವಾರದ ಆರಾಧನೆಗೆ ಕರೆದರು. ಅಲ್ಲಿ ಗುರುಗಳ ನಿಲುವಂಗಿಯಿಲ್ಲ, ಗಂಟೆಯಿಲ್ಲ, ಧೂಪವಿಲ್ಲ. ಬಿಳಿ ಬಟ್ಟೆ ಹೊದಿಸಿದ ಮೇಜಿನ ಹಿಂದೆ ನಿಂತ ಹದಿಹರೆಯದ ಹುಡುಗರಿಬ್ಬರು ರೊಟ್ಟಿಯನ್ನು ಕೈಯಿಂದ ಮುರಿದರು, ಒಬ್ಬನು ಮೊಣಕಾಲೂರಿ ಪ್ರಾರ್ಥನೆಯನ್ನು ಅಕ್ಷರ ತಪ್ಪದಂತೆ ಓದಿದನು, ಅವರಿಗಿಂತ ಕಿರಿಯ ಹುಡುಗರು ಹಿಡಿಯಿದ್ದ ತಟ್ಟೆಗಳನ್ನು ಸಾಲುಸಾಲಿಗೆ ತಂದರು. ತಟ್ಟೆ ಕೈಯಿಂದ ಕೈಗೆ ಸಾಗುತ್ತದೆ. ನನ್ನ ಸಹೋದ್ಯೋಗಿಯ ಪತ್ನಿ ಒಂದು ತುಂಡು ತೆಗೆದುಕೊಂಡರು, ಮಕ್ಕಳು ತೆಗೆದುಕೊಂಡರು. ತಟ್ಟೆ ಸಹೋದ್ಯೋಗಿಯ ಕೈಗೆ ಬಂದಾಗ ಹಿಡಿಯ ಮೇಲೆ ಕೈ ಒಂದು ಕ್ಷಣ ನಿಂತಿತು. ಏನನ್ನೂ ತೆಗೆದುಕೊಳ್ಳದೆ ಅದನ್ನು ನನಗೆ ದಾಟಿಸಿದರು. ಬಳಿಕ ಚಿಕ್ಕ ಲೋಟಗಳಲ್ಲಿ ನೀರು ಬಂದಾಗಲೂ ಹಾಗೆಯೇ ಆಯಿತು. ಅತಿಥಿಯಾದ ನಾನು ತೆಗೆದುಕೊಳ್ಳದಿರುವುದು ಸಹಜ. ಆದರೆ ಆ ಸಾಲಿನಲ್ಲಿ ತೆಗೆದುಕೊಳ್ಳದವರು ನಾವಿಬ್ಬರೇ ಆಗಿದ್ದೆವು.

ವಾರಗಳ ನಂತರ ಅವರೇ ಹೇಳಿದರು (ಇಲ್ಲಿ ಬರೆಯಲು ಅವರ ಅನುಮತಿ ಪಡೆದಿದ್ದೇನೆ, ತಪ್ಪು ಯಾವುದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ). ಗಂಭೀರವಾದ ಒಂದು ತಪ್ಪನ್ನು ತಮ್ಮ ಬಿಷಪ್ಪರಲ್ಲಿ ಒಪ್ಪಿಕೊಂಡಿದ್ದಾರಂತೆ. ಕೆಲವು ತಿಂಗಳ ಕಾಲ ರೊಟ್ಟಿ ಮತ್ತು ನೀರನ್ನು ಸ್ವೀಕರಿಸದಿರುವಂತೆ ಬಿಷಪ್ಪರು ತಿಳಿಸಿದ್ದಾರಂತೆ. ಆಗಾಗ ಇಬ್ಬರೂ ಕುಳಿತು ಮಾತನಾಡುತ್ತಾರಂತೆ. “ಹಾಗಾದರೆ ದೇವರು ಕ್ಷಮಿಸಿದ್ದಾರೆಯೇ?” ಎಂದು ಕೇಳಿದೆ. “ಇನ್ನೂ ಖಚಿತವಾಗಿ ಹೇಳಲಾರೆ, ಆದರೆ ಹತ್ತಿರವಾಗುತ್ತಿದ್ದೇನೆ ಎಂದು ತೋರುತ್ತದೆ” ಎಂದರು.

ಈ ಉತ್ತರ ನನ್ನನ್ನು ಬಿಡದೆ ಕಾಡುತ್ತಿದೆ. ನಮ್ಮ ಮನೆಯಲ್ಲಿ ಪಾಪನಿವೇದನೆಗೆ ‘ಕುಮ್ಸಾರ್’ ಎನ್ನುತ್ತೇವೆ. ಶನಿವಾರ ಸಂಜೆ ಜಾಲರಿಯ ಈಚೆ ಮೊಣಕಾಲೂರಿ, ಹೇಳಬೇಕಾದದ್ದನ್ನು ಹೇಳಿ, ಗುರುಗಳು ವಿಧಿಸಿದ ಮೂರು ನಮೋ ಮರಿಯಾ ಜಪವನ್ನು ಅಲ್ಲೇ ಬೆಂಚಿನಲ್ಲಿ ಮುಗಿಸಿ, ಮರುದಿನ ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಿದವನು ನಾನು. ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬ ಪ್ರಶ್ನೆಯೇ ನನಗೆ ಎಂದೂ ಏಳಲಿಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಲಾರೆ: ತಂದೆಯವರು ತೀರಿಕೊಂಡ ವರ್ಷ ಮನೆಯ ಪಾಲಿನ ವಿಷಯದಲ್ಲಿ ಅಣ್ಣನಿಗೆ ಆಡಬಾರದ ಮಾತನ್ನಾಡಿದ್ದೆ. ಅದೊಂದನ್ನೇ ನಾಲ್ಕೈದು ಸಲ ಪಾಪನಿವೇದನೆಯಲ್ಲಿ ಹೇಳಿದ್ದೇನೆ. ಪಾಪವಿಮೋಚನೆಯ ಮಾತನ್ನು ಪ್ರತಿ ಸಲವೂ ಕೇಳಿದ್ದೇನೆ, ಭಾರ ಮಾತ್ರ ಪೂರ್ತಿ ಇಳಿದಿಲ್ಲ.

ನನ್ನ ಪ್ರಶ್ನೆ ಇಷ್ಟು. ಎರಡು ಸಭೆಗಳಲ್ಲಿಯೂ ಮನುಷ್ಯನೊಬ್ಬನ ಮುಂದೆ ಕುಳಿತು ತಪ್ಪೊಪ್ಪಿಕೊಳ್ಳುವ ಪದ್ಧತಿಯಿದೆ. ಹಾಗಿದ್ದೂ ಅಲ್ಲಿ ನಡೆಯುವುದು ಒಂದೇ ಸಂಗತಿಯೇ? ಕ್ಷಮಿಸುವವರು ಯಾರು? ನನ್ನ ಸ್ನೇಹಿತರು ಏಕೆ ಕಾಯಬೇಕು, ನಾನು ಏಕೆ ಕಾಯಬೇಕಾಗಿಲ್ಲ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಧರ್ಮೋಪದೇಶದ ಶಿಕ್ಷಕಿ, ಮೈಸೂರು

ಸಹೋದರರೇ, ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಪಾಪನಿವೇದನೆಯ ಪಾಠ ಹೇಳಿಕೊಡುತ್ತಿದ್ದೇನೆ. ಆ ಅನುಭವದಿಂದ, ನಮ್ಮ ಧರ್ಮಸಭೆಯ ಬೋಧನೆಯನ್ನು ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುತ್ತೇನೆ.

ಪಾಪವನ್ನು ಕ್ಷಮಿಸುವವರು ದೇವರೊಬ್ಬರೇ. ಇದರಲ್ಲಿ ನಮಗೂ ನಿಮ್ಮ ಸ್ನೇಹಿತರಿಗೂ ಭೇದವಿಲ್ಲ. ಆದರೆ ಪುನರುತ್ಥಾನರಾದ ಯೇಸು ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ ಎಂದು ಹೇಳಿದ್ದನ್ನು (ಯೊವಾನ್ನ 20:22-23) ಧರ್ಮಸಭೆ ನಿಜವಾದ ಅಧಿಕಾರದಾನವೆಂದು ಗ್ರಹಿಸಿದೆ. ಆ ಅಧಿಕಾರ ಪ್ರೇಷಿತರಿಂದ ಧರ್ಮಾಧ್ಯಕ್ಷರಿಗೆ, ಅವರಿಂದ ಗುರುಗಳಿಗೆ ಬಂದಿದೆ. ಆದ್ದರಿಂದ ಗುರುಗಳು ಕೈಚಾಚಿ, “ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಿಮ್ಮ ಪಾಪಗಳನ್ನು ಕ್ಷಮಿಸುತ್ತೇನೆ” ಎಂದಾಗ ಅದು ಸಾಂತ್ವನದ ಮಾತೂ ಅಲ್ಲ, ದೇವರು ಕ್ಷಮಿಸಬಹುದು ಎಂಬ ಹಾರೈಕೆಯೂ ಅಲ್ಲ. ಆ ಮಾತಿನಲ್ಲಿಯೇ ಕ್ಷಮೆ ಸಂಭವಿಸುತ್ತದೆ. ಸಂಸ್ಕಾರ ಎಂದು ನಾವು ಕರೆಯುವುದು ಇದನ್ನೇ. ಕೇಳುವ ಗುರು ಪುಣ್ಯಾತ್ಮನಾಗಿರಲಿ, ದುರ್ಬಲನಾಗಿರಲಿ, ಕ್ಷಮೆಯ ಬಲ ಕುಂದುವುದಿಲ್ಲ.

ಹಾಗೆಂದು ಹೇಳಿ ಎದ್ದು ಬಂದರೆ ಸಾಕೆಂದು ಯಾರೂ ಭಾವಿಸಬಾರದು. ಪಶ್ಚಾತ್ತಾಪಿಯ ಪಾಲಿನದು ಮೂರು: ಮನಸ್ತಾಪ, ನಿವೇದನೆ, ಪರಿಹಾರ. 1551ರಲ್ಲಿ ಟ್ರೆಂಟ್ ಮಹಾಸಭೆಯ ಹದಿನಾಲ್ಕನೆಯ ಅಧಿವೇಶನ ಇದನ್ನು ಸ್ಪಷ್ಟವಾಗಿ ವಿವರಿಸಿದೆ. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮ ಅದಕ್ಕೂ ಹಳೆಯದು, 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯದು. ಮನಸ್ತಾಪವಿಲ್ಲದ ನಿವೇದನೆ, ಪಾಪವನ್ನು ಬಿಡುವ ನಿರ್ಧಾರವಿಲ್ಲದ ನಿವೇದನೆ ಫಲಿಸುವುದಿಲ್ಲ. ಪಾಪಗಳಲ್ಲಿಯೂ ತಾರತಮ್ಯವಿದೆ. ವಿಷಯ ಗಂಭೀರವಾಗಿದ್ದು, ಅದು ತಪ್ಪೆಂದು ಪೂರ್ಣವಾಗಿ ತಿಳಿದಿದ್ದು, ಮನಃಪೂರ್ವಕ ಒಪ್ಪಿಗೆಯಿಂದ ಮಾಡಿದ್ದು ಮಾರಕ ಪಾಪ. ಅದನ್ನು ನಿವೇದಿಸಿಕೊಳ್ಳದೆ ಪರಮಪ್ರಸಾದಕ್ಕೆ ಹೋಗಬಾರದು. ಬಲಿಪೂಜೆಯಲ್ಲಿ ಎಲ್ಲರೂ ಎದ್ದು ಸಾಲಿನಲ್ಲಿ ನಿಂತಾಗ ಬೆಂಚಿನಲ್ಲಿಯೇ ಉಳಿದ ಒಬ್ಬರನ್ನು ನೀವೂ ನೋಡಿರುತ್ತೀರಿ. ನಿಮ್ಮ ಸ್ನೇಹಿತರ ಕೈ ತಟ್ಟೆಯ ಮೇಲೆ ನಿಂತದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಬೆಂಚು. ಅಪಾತ್ರನಾಗಿ ಈ ರೊಟ್ಟಿಯನ್ನು ತಿನ್ನುವವನ ಬಗ್ಗೆ ಸಂತ ಪೌಲರು ಕೊರಿಂಥದವರಿಗೆ ಬರೆದ ಎಚ್ಚರಿಕೆಯೇ ಎರಡರ ಹಿಂದೆಯೂ ಇದೆ.

ಇನ್ನು ಕಾಯುವಿಕೆಯ ವಿಷಯ. ಇದು ನಮಗೆ ಹೊರಗಿನದಲ್ಲ, ನಾವು ಮರೆತದ್ದು. ಕ್ರಿ.ಶ. 390ರಲ್ಲಿ ಥೆಸಲೋನಿಕದಲ್ಲಿ ಚಕ್ರವರ್ತಿ ಥಿಯೊಡೋಸಿಯಸನ ಆಜ್ಞೆಯಿಂದ ಸಾವಿರಾರು ಜನರ ಕೊಲೆ ನಡೆದಾಗ, ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರು ಅವನಿಗೆ ಪರಮಪ್ರಸಾದ ಕೊಡಲು ಒಪ್ಪಲಿಲ್ಲ. ರೋಮ್ ಸಾಮ್ರಾಜ್ಯದ ಒಡೆಯ ರಾಜಚಿಹ್ನೆಗಳನ್ನು ತೆಗೆದಿಟ್ಟು, ಜನರ ನಡುವೆ ಪಶ್ಚಾತ್ತಾಪಿಯಾಗಿ ನಿಂತು, ತಿಂಗಳುಗಳ ನಂತರ ಕ್ರಿಸ್ತಜಯಂತಿಯ ಹೊತ್ತಿಗೆ ಮತ್ತೆ ಸೇರಿಸಿಕೊಳ್ಳಲ್ಪಟ್ಟನು. ಆ ಕಾಲದಲ್ಲಿ ಪ್ರಾಯಶ್ಚಿತ್ತ ಮೊದಲು, ಪಾಪವಿಮೋಚನೆ ಆಮೇಲೆ. ಅದೂ ಬಹಿರಂಗವಾಗಿ, ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಬಾರಿ. ಆರನೆಯ ಶತಮಾನದಿಂದೀಚೆಗೆ ಐರ್ಲೆಂಡಿನ ಸನ್ಯಾಸಿಗಳು ಗುಟ್ಟಾಗಿ, ಎಷ್ಟು ಬಾರಿ ಬೇಕಾದರೂ ಮಾಡಬಹುದಾದ ನಿವೇದನೆಯನ್ನು ಯೂರೋಪಿನಲ್ಲೆಲ್ಲ ಹರಡಿದರು. ಕಾಲಕ್ರಮದಲ್ಲಿ ವಿಮೋಚನೆಯ ಮಾತು ಮುಂದೆ ಬಂತು, ಪ್ರಾಯಶ್ಚಿತ್ತ ಹಿಂದೆ ಸರಿಯಿತು. ಅದು ಚಿಕ್ಕದೂ ಆಯಿತು. ನಿಮಗೆ ಬಂದ ಮೂರು ನಮೋ ಮರಿಯಾ ಹೀಗೆ ಉಳಿದದ್ದು.

ಚಿಕ್ಕದಾಯಿತೇ ಹೊರತು ಇಲ್ಲವಾಗಲಿಲ್ಲ. ಪಾಪ ಕ್ಷಮಿಸಲ್ಪಟ್ಟರೂ ಅದರಿಂದಾದ ಹಾನಿಯನ್ನು ಸರಿಪಡಿಸುವ ಹೊಣೆ ಉಳಿಯುತ್ತದೆ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ನೆಟ್ಟಗೆ ಮಾಡಬೇಕು. ಬೈಬಲಿನಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯನು ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದನು. ಮಕ್ಕಳಿಗೆ ನಾನು ಕನ್ನಡ ಬೈಬಲಿನ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸುತ್ತೇನೆ. ಸ್ನಾನಿಕ ಯೊವಾನ್ನರ ಕರೆಯನ್ನು ನಮ್ಮ ಅನುವಾದ ಹೀಗೆ ಹೇಳುತ್ತದೆ: “ಪಾಪಕ್ಕೆ ವಿಮುಖರಾಗಿ, ದೇವರಿಗೆ ಅಭಿಮುಖರಾಗಿರಿ.” ಒಂದೇ ತಿರುಗುವಿಕೆಯಲ್ಲಿ ಬೆನ್ನೂ ಇದೆ, ಮುಖವೂ ಇದೆ. ಅಣ್ಣನವರ ವಿಷಯವನ್ನು ಗುರುಗಳಿಗೆ ನಾಲ್ಕೈದು ಸಲ ಹೇಳಿದೆ ಎಂದು ಬರೆದಿದ್ದೀರಿ. ಅಣ್ಣನವರಿಗೆ ಹೇಳಿದ್ದೀರಾ?

ಮಾರ್ಮನರ ಬಗ್ಗೆ ನನಗಿರುವ ಒಂದು ಶಂಕೆಯನ್ನೂ ಮುಂದಿಡುತ್ತೇನೆ. ಅವರ ಗ್ರಂಥದಲ್ಲಿ, ನಾವು ಮಾಡಬಹುದಾದದ್ದನ್ನೆಲ್ಲ ಮಾಡಿದ ನಂತರ ಕೃಪೆಯಿಂದ ರಕ್ಷಣೆ ಹೊಂದುತ್ತೇವೆ ಎಂಬ ಅರ್ಥದ ವಾಕ್ಯವಿದೆ. ಹಾಗಾದರೆ ಕ್ಷಮೆ ದುಡಿದು ಗಳಿಸಬೇಕಾದ ಕೂಲಿಯಾಗುವುದಿಲ್ಲವೇ? ಆ ಸಭೆಯವರು ಯಾರಾದರೂ ಇಲ್ಲಿದ್ದರೆ ತಿಳಿಸಬೇಕು.

ಉತ್ತರ: ಆ ಸಭೆಯ ಸದಸ್ಯ, ಬೆಂಗಳೂರು

ಮಾನ್ಯರೇ, ಶಿಕ್ಷಕಿಯವರು ಕೇಳಿದ ರೀತಿಗೆ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ನಾನು ಹದಿನಾಲ್ಕು ವರ್ಷಗಳ ಹಿಂದೆ ದೀಕ್ಷಾಸ್ನಾನ ಪಡೆದವನು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ದೇವಮಂದಿರ ಘೋಷಣೆಯಾದಾಗ, 2020ರ ಡಿಸೆಂಬರಿನಲ್ಲಿ ಅದರ ಭೂಮಿಪೂಜೆ ನಡೆದಾಗ ಸಂಭ್ರಮಿಸಿದವರಲ್ಲಿ ನಾನೂ ಒಬ್ಬ. ಆದರೂ ಸಭೆಯ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ, ಸಾಮಾನ್ಯ ಸದಸ್ಯನಾಗಿ ಬರೆಯುತ್ತಿದ್ದೇನೆ.

‘ಬಿಷಪ್’ ಎಂಬ ಪದವೇ ಮೊದಲ ತೊಡಕು. ಕಥೋಲಿಕ ಕಿವಿಗೆ ಅದು ಧರ್ಮಾಧ್ಯಕ್ಷರನ್ನು ಸೂಚಿಸುತ್ತದೆ. ನಮ್ಮಲ್ಲಿ ಬಿಷಪ್ ಎಂದರೆ ವಾರ್ಡ್ ಎಂಬ ಸ್ಥಳೀಯ ಸಭೆಯ ಮುಖ್ಯಸ್ಥ. ವಾರವಿಡೀ ತನ್ನ ಉದ್ಯೋಗಕ್ಕೆ ಹೋಗಿ, ಸಂಜೆ ಮತ್ತು ಭಾನುವಾರಗಳಲ್ಲಿ ಸಂಬಳವಿಲ್ಲದೆ ಸೇವೆ ಮಾಡುವ ಗೃಹಸ್ಥ. ಸಾಮಾನ್ಯವಾಗಿ ಐದಾರು ವರ್ಷಗಳಲ್ಲಿ ಬಿಡುಗಡೆ ಹೊಂದಿ ಮತ್ತೆ ಎಲ್ಲರ ಜೊತೆ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾನೆ. ಅವನ ಕೋಣೆಯಲ್ಲಿ ಜಾಲರಿಯಿಲ್ಲ. ಮೇಜು, ಎರಡು ಮೂರು ಕುರ್ಚಿ, ಗೋಡೆಯ ಮೇಲೆ ಕ್ರಿಸ್ತರ ಚಿತ್ರ, ಕಣ್ಣೊರೆಸಿಕೊಳ್ಳಲು ಕಾಗದದ ಡಬ್ಬಿ. ಅವನು ನಿಮ್ಮ ಮುಖ ನೋಡುತ್ತಾನೆ, ಮುಂದಿನ ವಾರವೂ ನೋಡುತ್ತಾನೆ.

ಅವನು ಪಾಪವನ್ನು ಕ್ಷಮಿಸುವುದಿಲ್ಲ. ನಮ್ಮಲ್ಲಿ ಪಾಪವಿಮೋಚನೆಯ ವಾಕ್ಯವೇ ಇಲ್ಲ. ದೇವರ ಕ್ಷಮೆ ದೇವರಿಂದ ನೇರವಾಗಿ ಬರುವಂಥದ್ದು. ಬಿಷಪ್ ಸಭೆಯ ಮಟ್ಟಿಗೆ ನ್ಯಾಯಾಧೀಶ, ಆತ್ಮದ ಮಟ್ಟಿಗೆ ಜೊತೆಗಾರ. ದಿನನಿತ್ಯದ ತಪ್ಪುಗಳನ್ನು ಅವನಿಗೆ ಹೇಳಬೇಕಾಗಿಲ್ಲ. ಅವುಗಳನ್ನು ಮೊಣಕಾಲೂರಿ ದೇವರಿಗೆ ಹೇಳುತ್ತೇವೆ, ನೊಂದವರಲ್ಲಿ ಕ್ಷಮೆ ಕೇಳುತ್ತೇವೆ. ವ್ಯಭಿಚಾರ, ವಂಚನೆ, ಹಿಂಸೆಯಂಥ ಗಂಭೀರ ಪಾಪಗಳನ್ನು ಮಾತ್ರ ಬಿಷಪ್ಪರಲ್ಲಿಗೆ ತರುತ್ತೇವೆ.

ಏಕೆ ತರಬೇಕು? 1831ರ ಆಗಸ್ಟಿನಲ್ಲಿ ಮಿಸೌರಿಯಲ್ಲಿ ನಮ್ಮ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ತರಿಗೆ ಬಂದಿತೆಂದು ನಾವು ನಂಬುವ ಪ್ರಕಟನೆ ಈಗ ‘ಸಿದ್ಧಾಂತ ಮತ್ತು ಒಡಂಬಡಿಕೆಗಳು’ ಗ್ರಂಥದ 58ನೆಯ ಅಧ್ಯಾಯದಲ್ಲಿದೆ. ಪಶ್ಚಾತ್ತಾಪಪಟ್ಟವನು ಕ್ಷಮಿಸಲ್ಪಟ್ಟಿದ್ದಾನೆ, ಅವನ ಪಾಪಗಳನ್ನು ದೇವರು ಇನ್ನು ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ ಎಂದು ಹೇಳಿದ ಮರುವಾಕ್ಯದಲ್ಲಿಯೇ ಪಶ್ಚಾತ್ತಾಪದ ಗುರುತನ್ನೂ ಅದು ಕೊಡುತ್ತದೆ: ಅವನು ಪಾಪವನ್ನು ಒಪ್ಪಿಕೊಳ್ಳುತ್ತಾನೆ, ಅದನ್ನು ತೊರೆಯುತ್ತಾನೆ. ಒಪ್ಪಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು. ತೊರೆದದ್ದು ನಿಜವೆಂದು ತನಗೇ ತಿಳಿಯಲು ದಿನಗಳು ಬೇಕು. ನಿಮ್ಮ ಸ್ನೇಹಿತರ ಕಾಯುವಿಕೆ ಇಲ್ಲಿಂದ ಬಂದದ್ದು.

ಅವರಿಗೆ ಬಿಷಪ್ ವಿಧಿಸಿರುವುದು ಬಹುಶಃ ಅನೌಪಚಾರಿಕ ನಿರ್ಬಂಧ, ಅಂದರೆ ಇಬ್ಬರ ನಡುವೆಯೇ ಉಳಿಯುವಂಥದ್ದು. ಇದು ಸಾಮಾನ್ಯವಾಗಿ ಒಂದು ವರ್ಷವನ್ನು ಮೀರುವುದಿಲ್ಲ. ಇನ್ನೂ ಗಂಭೀರವಾದ ಪ್ರಸಂಗಗಳಲ್ಲಿ ಸದಸ್ಯತ್ವ ಸಮಿತಿ ಕೂಡುತ್ತದೆ, ಸದಸ್ಯತ್ವ ಹಿಂತೆಗೆಯುವವರೆಗೂ ಹೋಗಬಹುದು. ಹಾಗಾದವರು ಮತ್ತೆ ದೀಕ್ಷಾಸ್ನಾನ ಪಡೆದು ಒಳಬರುತ್ತಾರೆ. 2020ರಲ್ಲಿ ಕೈಪಿಡಿಯನ್ನು ಪರಿಷ್ಕರಿಸಿದಾಗ ‘ಶಿಸ್ತು’, ‘ಬಹಿಷ್ಕಾರ’ ಎಂಬ ಹಳೆಯ ಪದಗಳನ್ನು ಕೈಬಿಟ್ಟರು. ಪದ ಬದಲಾದ ಮಾತ್ರಕ್ಕೆ ನೋವು ಕಡಿಮೆಯಾಗುವುದಿಲ್ಲ, ಆದರೆ ಅದರ ಉದ್ದೇಶವೇನೆಂಬುದು ಪದದಲ್ಲಿ ಕಾಣಬೇಕು ಎಂದು ನಾನು ನಂಬುತ್ತೇನೆ. ಅಪಾತ್ರರಿಗೆ ರೊಟ್ಟಿಯನ್ನು ಕೊಡಬೇಡಿ ಎನ್ನುವ ಮಾರ್ಮನ್ ಗ್ರಂಥದ ಅದೇ ಭಾಗ, ಅವರನ್ನು ನಿಮ್ಮ ನಡುವಿನಿಂದ ಹೊರಗೆ ಹಾಕಬೇಡಿ, ಅವರ ಸೇವೆ ಮಾಡಿ ಎಂದೂ ಹೇಳುತ್ತದೆ. ತಟ್ಟೆ ನಿಮ್ಮ ಸ್ನೇಹಿತರ ಕೈಯನ್ನು ದಾಟಿ ಹೋಯಿತು. ಆದರೆ ಅವರು ಅದೇ ಬೆಂಚಿನಲ್ಲಿ, ಹೆಂಡತಿ ಮಕ್ಕಳ ಪಕ್ಕದಲ್ಲಿ, ಮಗಳ ಮಾತು ಕೇಳುತ್ತ ಕುಳಿತಿದ್ದರು ಎಂಬುದನ್ನು ಗಮನಿಸಿ.

ಈಗ ಶಿಕ್ಷಕಿಯವರ ಶಂಕೆ. ಆ ವಾಕ್ಯ ಮಾರ್ಮನ್ ಗ್ರಂಥದ ಎರಡನೆಯ ನೀಫೈ 25:23ರದು. ನಮ್ಮವರಲ್ಲಿಯೇ ಅನೇಕರು ಅದನ್ನು ಕೂಲಿಯ ಲೆಕ್ಕದಂತೆ ಓದಿ ಬಳಲಿದ್ದಾರೆ, ಒಂದು ಕಾಲದಲ್ಲಿ ನಾನೂ ಬಳಲಿದ್ದೇನೆ. ಆದರೆ ಅದೇ ಗ್ರಂಥದ ಆಲ್ಮಾ 24ರಲ್ಲಿ, ಬಹಳ ಕೊಲೆಗಳನ್ನು ಮಾಡಿದ್ದ ಜನಾಂಗವೊಂದರ ರಾಜ, ನಮ್ಮ ಪಾಪಗಳಿಗಾಗಿ ಪಶ್ಚಾತ್ತಾಪಪಡುವುದೇ ನಾವು ಮಾಡಬಹುದಾಗಿದ್ದ ಎಲ್ಲವೂ ಆಗಿತ್ತು ಎನ್ನುತ್ತಾನೆ. ಮಾಡಬಹುದಾದದ್ದು ಎಂದರೆ ತಿರುಗುವುದು, ಅಷ್ಟೇ. 2015ರ ಏಪ್ರಿಲ್ ಮಹಾಸಮ್ಮೇಳನದಲ್ಲಿ ನಮ್ಮ ಸಭೆಯ ನಾಯಕರಲ್ಲೊಬ್ಬರಾದ ಡೀಟರ್ ಉಕ್ಟ್‌ಡಾರ್ಫ್ ಅವರು, ವಿಧೇಯತೆಯನ್ನು ನಾಣ್ಯವಾಗಿ ಕೊಟ್ಟು ರಕ್ಷಣೆಯನ್ನು ಕೊಳ್ಳಲಾಗದು ಎಂಬ ಅರ್ಥದಲ್ಲಿ ಮಾತನಾಡಿದ್ದರು. ಆ ಭಾಷಣ ಕೇಳಿದ ದಿನ ನನ್ನ ಎದೆಯ ಮೇಲಿದ್ದ ಕಲ್ಲು ಸರಿದಂತಾಯಿತು.

ನಾನೂ ಒಂದು ಪ್ರಶ್ನೆ ಕೇಳಬಹುದೇ? ಗುರುಗಳು ವಿಮೋಚನೆಯ ಮಾತನ್ನಾಡಿದ ಮರುವಾರವೇ ಅದೇ ತಪ್ಪನ್ನು ಮಾಡಿದರೆ, ಮೊದಲಿನ ಕ್ಷಮೆ ಏನಾಗುತ್ತದೆ? ಮತ್ತೆ ಪಾಪ ಮಾಡಿದವನಿಗೆ ಹಿಂದಿನ ಪಾಪಗಳೂ ಮರಳುತ್ತವೆ ಎಂದು ‘ಸಿದ್ಧಾಂತ ಮತ್ತು ಒಡಂಬಡಿಕೆಗಳು’ ಗ್ರಂಥದ 82ನೆಯ ಅಧ್ಯಾಯ ಹೇಳುತ್ತದೆ. ಕಥೋಲಿಕರಲ್ಲಿ ಇದರ ಬಗ್ಗೆ ಏನು ಬೋಧನೆ ಇದೆ ಎಂಬುದು ನನಗೆ ನಿಜವಾಗಿಯೂ ತಿಳಿಯಬೇಕಾಗಿದೆ.

ಪ್ರಶ್ನೆ ಕೇಳಿದವನು

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಣ್ಣ ಉಪಪ್ರಶ್ನೆ. ವಿಮೋಚನೆಯ ಮಾತೇ ಇಲ್ಲದಿದ್ದರೆ, ಕ್ಷಮೆ ದೊರೆತದ್ದು ನನ್ನ ಸ್ನೇಹಿತರಿಗೆ ತಿಳಿಯುವುದು ಹೇಗೆ? ಬಿಷಪ್ ಮತ್ತೆ ರೊಟ್ಟಿ ತೆಗೆದುಕೊಳ್ಳಬಹುದು ಎಂದ ದಿನವೇ ಅದು ಗೊತ್ತಾಗುವುದೇ? ಹಾಗೆಯೇ ಬಿಷಪ್ಪರಿಗೆ ಹೇಳಿದ್ದು ಅವರಲ್ಲಿಯೇ ಉಳಿಯುತ್ತದೆಯೇ?

ಉತ್ತರ: ಆ ಸಭೆಯ ಸದಸ್ಯ, ಬೆಂಗಳೂರು

ಬಿಷಪ್ ಅನುಮತಿಸಿದ ದಿನ ಸಭೆಯ ಬಾಗಿಲು ತೆರೆಯಿತೆಂದು ತಿಳಿಯುತ್ತದೆ. ದೇವರ ಕ್ಷಮೆ ಅದಕ್ಕೂ ಮೊದಲೇ ಬಂದಿರಬಹುದು. ಅದನ್ನು ಪವಿತ್ರಾತ್ಮನು ಮನಸ್ಸಿನಲ್ಲಿ ತುಂಬುವ ಸಮಾಧಾನದಿಂದ ಗುರುತಿಸುತ್ತೇವೆ. ನೀವು ಕೇಳಿದ ಆ ರೊಟ್ಟಿಯ ಪ್ರಾರ್ಥನೆ ಮುಗಿಯುವುದು, ಸ್ವೀಕರಿಸುವವರ ಜೊತೆಯಲ್ಲಿ ಆತನ ಆತ್ಮವು ಸದಾ ಇರಲಿ ಎಂಬ ಬೇಡಿಕೆಯಿಂದ. ಆತ್ಮನ ಸಾನ್ನಿಧ್ಯ ಮರಳಿದ್ದೇ ಕ್ಷಮೆಯ ಗುರುತು. ಆಲ್ಮಾ 36ರಲ್ಲಿ ತರುಣ ಆಲ್ಮಾ ಮೂರು ದಿನ ನರಳಿ, ಯೇಸುವಿನ ಹೆಸರನ್ನು ಕೂಗಿದ ಕೂಡಲೇ ತನ್ನ ಪಾಪಗಳ ನೆನಪು ತನ್ನನ್ನು ಹಿಂಸಿಸದಂತಾಯಿತು ಎನ್ನುತ್ತಾನೆ. ಪಾಪ ನಡೆದದ್ದು ಅವನಿಗೆ ನೆನಪಿದೆ, ಆ ನೆನಪಿನ ಮುಳ್ಳು ಮಾತ್ರ ಹೋಗಿದೆ.

ಎರಡನೆಯದಕ್ಕೆ ಪ್ರಾಮಾಣಿಕ ಉತ್ತರ: ಬಿಷಪ್ ಗುಟ್ಟನ್ನು ಕಾಯಲು ಬದ್ಧನು. ಆದರೆ ಸದಸ್ಯತ್ವ ಸಮಿತಿ ಬೇಕಾದಂಥ ಪ್ರಸಂಗದಲ್ಲಿ ತನ್ನ ಮೇಲಿನ ಸ್ಟೇಕ್ (ಹಲವು ವಾರ್ಡ್‌ಗಳ ಕೂಟ) ಅಧ್ಯಕ್ಷರೊಡನೆ ಚರ್ಚಿಸಬಹುದು. ಕಥೋಲಿಕ ಗುರುಗಳಿಗಿರುವಂಥ ಪೂರ್ಣ ಮುದ್ರೆ, ಅಂದರೆ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಎಂದೂ ಹೊರಗೆಡವಬಾರದೆಂಬ ಕಟ್ಟುಪಾಡು, ನಮ್ಮಲ್ಲಿಲ್ಲ.

ಉತ್ತರ: ಧರ್ಮೋಪದೇಶದ ಶಿಕ್ಷಕಿ, ಮೈಸೂರು

ಹೌದು, ನಮ್ಮಲ್ಲಿ ಆ ಮುದ್ರೆಗೆ ಯಾವ ವಿನಾಯಿತಿಯೂ ಇಲ್ಲ. ಅದನ್ನು ನೇರವಾಗಿ ಒಡೆದ ಗುರು ಆ ಕ್ಷಣದಲ್ಲಿಯೇ, ಯಾರೂ ತೀರ್ಪು ಕೊಡಬೇಕಾಗಿಲ್ಲದೆ, ಬಹಿಷ್ಕೃತನಾಗುತ್ತಾನೆ. 1393ರಲ್ಲಿ ಪ್ರಾಗ್ ನಗರದ ನದಿಗೆ ಎಸೆಯಲ್ಪಟ್ಟ ನೆಪೊಮುಕಿನ ಸಂತ ಜಾನರನ್ನು ಈ ಗುಟ್ಟಿನ ರಕ್ಷಕರೆಂದು ಜನ ಇಂದಿಗೂ ಪೂಜ್ಯಭಾವದಿಂದ ನೆನೆಯುತ್ತಾರೆ.

ಬೆಂಗಳೂರಿನ ಸಹೋದರರ ಪ್ರಶ್ನೆಗೆ: ಕ್ಷಮಿಸಲ್ಪಟ್ಟ ಪಾಪ ಮರಳುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಇದನ್ನೇ ವಿಚಾರಿಸಿ, ಹಿಂದಿನ ಪಾಪ ಹಾಗೆಯೇ ಹಿಂದಿರುಗುವುದಿಲ್ಲ, ಆದರೆ ಕ್ಷಮೆ ಪಡೆದೂ ಬಿದ್ದವನ ಕೃತಘ್ನತೆ ಹೊಸ ಪಾಪವನ್ನು ಇನ್ನಷ್ಟು ಭಾರವಾಗಿಸುತ್ತದೆ ಎಂದರು. ಮತ್ತೆ ಬಿದ್ದದ್ದು ಮೊದಲಿನ ನಿವೇದನೆ ಸುಳ್ಳಾಗಿತ್ತೆಂಬುದಕ್ಕೆ ಪುರಾವೆಯೂ ಅಲ್ಲ. ಬಿಡುತ್ತೇನೆಂದು ಅಂದು ನಿಜವಾಗಿ ನಿರ್ಧರಿಸಿದ್ದರೆ ಸಾಕು.

ನನ್ನ ಮೊದಲ ಬರಹದಲ್ಲಿ ಒಂದು ಮುಖ್ಯ ಮಾತು ಬಿಟ್ಟುಹೋಗಿತ್ತು. ದೇವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿಸುವುದರಿಂದ ಹುಟ್ಟಿದ ಪರಿಪೂರ್ಣ ಮನಸ್ತಾಪವಿದ್ದು, ಆದಷ್ಟು ಬೇಗ ನಿವೇದನೆ ಮಾಡುವ ದೃಢ ಸಂಕಲ್ಪವಿದ್ದರೆ, ಗುರುಗಳನ್ನು ತಲುಪುವ ಮೊದಲೇ ಮಾರಕ ಪಾಪವೂ ಕ್ಷಮಿಸಲ್ಪಡುತ್ತದೆ. ಸಾಂಕ್ರಾಮಿಕದ ಆರಂಭದಲ್ಲಿ, 2020ರ ಮಾರ್ಚ್‌ನಲ್ಲಿ, ವ್ಯಾಟಿಕನ್ ಇದನ್ನು ಲೋಕಕ್ಕೆಲ್ಲ ನೆನಪಿಸಿತು. ಗುರುಗಳಿಲ್ಲದೆ ಸಾಯುತ್ತಿದ್ದವರ ಮನೆಯವರಿಗೆ ಆ ದಿನಗಳಲ್ಲಿ ನಾನು ಫೋನಿನಲ್ಲಿ ಹೇಳುತ್ತಿದ್ದದ್ದು ಇದೊಂದನ್ನೇ.

ಉತ್ತರ: ತೌಲನಿಕ ಧರ್ಮಾಧ್ಯಯನದ ವಿದ್ಯಾರ್ಥಿ, ಧಾರವಾಡ

ನಾನು ಎರಡೂ ಸಭೆಗಳಿಗೆ ಸೇರಿದವನಲ್ಲ, ಆದರೂ ಚರ್ಚೆಯನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಕ್ಷಮೆಯ ವಿಧಾನದಲ್ಲಿ ಕಾಣುವ ಭೇದದ ಬೇರು, ಮನುಷ್ಯನನ್ನು ನೋಡುವ ದೃಷ್ಟಿಯಲ್ಲಿದೆ ಎಂದು ನನ್ನ ಅನಿಸಿಕೆ. ಕಥೋಲಿಕರಲ್ಲಿ ಮನುಷ್ಯ ಆದಾಮನ ಪತನದ ಗಾಯದೊಂದಿಗೇ ಹುಟ್ಟುತ್ತಾನೆ. ಶಿಶುವಿಗೂ ದೀಕ್ಷಾಸ್ನಾನ ಬೇಕು. ಜೋಸೆಫ್ ಸ್ಮಿತ್ 1842ರಲ್ಲಿ ಪ್ರಕಟಿಸಿದ ವಿಶ್ವಾಸಸೂತ್ರಗಳಲ್ಲಿ ಎರಡನೆಯದು, ಮನುಷ್ಯರು ತಮ್ಮ ಸ್ವಂತ ಪಾಪಗಳಿಗೆ ಶಿಕ್ಷೆ ಹೊಂದುತ್ತಾರೆ, ಆದಾಮನ ಉಲ್ಲಂಘನೆಗಲ್ಲ ಎನ್ನುತ್ತದೆ. ಅವರಲ್ಲಿ ಎಂಟು ವರ್ಷಕ್ಕೆ ಮೊದಲು ದೀಕ್ಷಾಸ್ನಾನವಿಲ್ಲ, ಏಕೆಂದರೆ ಅಲ್ಲಿಯವರೆಗೆ ಪಶ್ಚಾತ್ತಾಪಪಡಬೇಕಾದ ಪಾಪವೇ ಮಗುವಿಗಿಲ್ಲ. ಗಾಯಗೊಂಡವನಿಗೆ ಮೊದಲು ಬೇಕಾದದ್ದು ಔಷಧಿ, ಅದನ್ನು ಇನ್ನೊಬ್ಬರು ಕೈಯಾರೆ ಹಚ್ಚಬೇಕು. ಬೆಳೆಯುತ್ತಿರುವವನಿಗೆ ಬೇಕಾದದ್ದು ತಿದ್ದಿಕೊಳ್ಳುವ ಅವಕಾಶ ಮತ್ತು ಜೊತೆಗಿರುವವರು. ಗುರು ಮತ್ತು ಬಿಷಪ್ಪರ ವ್ಯತ್ಯಾಸ ನನಗೆ ಹೀಗೆ ಕಾಣುತ್ತದೆ.

ಮರಣಾನಂತರದ ವಿಷಯದಲ್ಲಿ ಈ ಭೇದ ಇನ್ನೂ ಢಾಳಾಗಿದೆ. ಮೇಲ್ನೋಟಕ್ಕೆ ಕಥೋಲಿಕರ ಶುದ್ಧೀಕರಣ ಸ್ಥಳವೂ ಮಾರ್ಮನರ ಆತ್ಮಗಳ ಸೆರೆಮನೆಯೂ ಒಂದೇ ಎನಿಸಬಹುದು, ಎರಡು ಕಡೆಯೂ ಬದುಕಿರುವವರು ಸತ್ತವರಿಗಾಗಿ ಏನನ್ನೋ ಮಾಡುತ್ತಾರೆ. ಆದರೆ ಶುದ್ಧೀಕರಣ ಸ್ಥಳದಲ್ಲಿರುವವರು ಕ್ಷಮೆ ಪಡೆದೇ ಸತ್ತವರು. ಪಶ್ಚಾತ್ತಾಪದ ಕಾಲ ಸಾವಿನೊಂದಿಗೆ ಮುಗಿದಿದೆ, ಉಳಿದಿರುವುದು ಶುದ್ಧಿ ಮಾತ್ರ. ಅವರಿಗಾಗಿ ಪ್ರಾರ್ಥಿಸಲು ಆಧಾರವಾಗಿ ತೋರಿಸುವ ಎರಡನೆಯ ಮಕ್ಕಬಿಯರ ಗ್ರಂಥ 12ನೆಯ ಅಧ್ಯಾಯ ಮಾರ್ಮನರು ಬಳಸುವ ಬೈಬಲಿನಲ್ಲಿ ಇಲ್ಲವೇ ಇಲ್ಲ. ಮಾರ್ಮನರಲ್ಲಾದರೋ ಸತ್ತ ನಂತರವೂ ಸುವಾರ್ತೆಯನ್ನು ಕೇಳಿ, ನಂಬಿ, ಪಶ್ಚಾತ್ತಾಪಪಡಬಹುದು. 1918ರ ಅಕ್ಟೋಬರ್ 3ರಂದು ಸಭೆಯ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ ಕಂಡ ದರ್ಶನದಲ್ಲಿ ಇದರ ವಿವರವಿದೆ. ಅಂಥ ಆತ್ಮಗಳ ಪರವಾಗಿಯೇ ದೇವಮಂದಿರಗಳಲ್ಲಿ ಬದುಕಿರುವವರು ದೀಕ್ಷಾಸ್ನಾನ ಪಡೆಯುತ್ತಾರೆ.

ಕೊಲೆಯ ವಿಷಯದಲ್ಲಿ ಮಾತ್ರ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಪಶ್ಚಾತ್ತಾಪವಿದ್ದರೆ ಧರ್ಮಸಭೆ ಕ್ಷಮಿಸಲಾಗದ ಪಾಪವೇ ಇಲ್ಲ ಎಂಬುದು ಕಥೋಲಿಕ ಬೋಧನೆ. 1902ರಲ್ಲಿ ಹನ್ನೊಂದು ವರ್ಷದ ಮರಿಯಾ ಗೊರೆಟ್ಟಿಯನ್ನು ಇರಿದು ಕೊಂದ ಯುವಕ ಸೆರೆವಾಸ ಮುಗಿಸಿ, ಅವಳ ತಾಯಿಯ ಬಳಿ ಹೋಗಿ ಕ್ಷಮೆ ಬೇಡಿದನು. ಆ ತಾಯಿ ಕ್ಷಮಿಸಿದಳು, ಇಬ್ಬರೂ ಒಟ್ಟಿಗೆ ಪರಮಪ್ರಸಾದ ಸ್ವೀಕರಿಸಿದರು. ಮಾರ್ಮನರ ‘ಸಿದ್ಧಾಂತ ಮತ್ತು ಒಡಂಬಡಿಕೆಗಳು’ 42ನೆಯ ಅಧ್ಯಾಯವಾದರೋ, ಕೊಲೆ ಮಾಡಿದವನಿಗೆ ಈ ಲೋಕದಲ್ಲಾಗಲಿ ಮುಂದಿನ ಲೋಕದಲ್ಲಾಗಲಿ ಕ್ಷಮೆಯಿಲ್ಲ ಎನ್ನುತ್ತದೆ. ಆಚರಣೆಯಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೊಲೆಗಾಗಿ ಶಿಕ್ಷೆ ಹೊಂದಿದವನ ದೀಕ್ಷಾಸ್ನಾನಕ್ಕೆ ಸಭೆಯ ಅತ್ಯುನ್ನತ ಮೂವರ ಅನುಮತಿ ಬೇಕು.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. 2001ರಲ್ಲಿ ವ್ಯಾಟಿಕನ್ ಮಾರ್ಮನರ ದೀಕ್ಷಾಸ್ನಾನ ಮಾನ್ಯವಲ್ಲವೆಂದು ತೀರ್ಮಾನಿಸಿತು. ಮಾರ್ಮನರು ಕಥೋಲಿಕರ ದೀಕ್ಷಾಸ್ನಾನವನ್ನು ಮೊದಲಿನಿಂದಲೂ ಒಪ್ಪುವುದಿಲ್ಲ. ಹೀಗಾಗಿ ಒಬ್ಬರು ಇತ್ತಿಂದ ಅತ್ತ ಹೋಗಲಿ, ಅತ್ತಿಂದ ಇತ್ತ ಬರಲಿ, ಅವರನ್ನು ನೀರಿನಿಂದಲೇ ಹೊಸದಾಗಿ ಆರಂಭಿಸುತ್ತಾರೆ. ಆ ನೀರಿನಲ್ಲಿ ಅದುವರೆಗಿನ ಪಾಪಗಳೆಲ್ಲ ತೊಳೆದುಹೋದವೆಂದು ಎರಡು ಸಭೆಗಳೂ ಹೇಳುತ್ತವೆ.

ಪ್ರಶ್ನೆ ಕೇಳಿದವನು

ಎಲ್ಲರ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ಸಹೋದ್ಯೋಗಿಗೂ ಸಾರಾಂಶ ಹೇಳಿದೆ. ಆಂಬ್ರೋಸರ ಮುಂದೆ ಚಕ್ರವರ್ತಿ ಕಾದು ನಿಂತ ಕಥೆಯನ್ನು ಕೇಳಿ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ನಿಮ್ಮಲ್ಲಿ ಆ ಮಾತನ್ನು ಕಿವಿಯಾರೆ ಕೇಳುವಾಗ ಹೇಗಿರುತ್ತದೆ ಎಂದು ಕೇಳಿದರು. ಹೇಗೆ ಹೇಳುವುದೆಂದು ತಿಳಿಯದೆ, ಸಾಲ್ಟ್ ಲೇಕ್ ಸಿಟಿಯ ಮ್ಯಾಡೆಲೀನ್ ಪ್ರಧಾನಾಲಯದಲ್ಲಿ ಕಳೆದ ತಪಸ್ಸುಕಾಲದಲ್ಲಿ ಪಾಪನಿವೇದನೆ ಮುಗಿಸಿ ಹೊರಬಂದಾಗ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತುಬಿಟ್ಟದ್ದನ್ನು ಹೇಳಿದೆ.

ಶಿಕ್ಷಕಿಯವರು ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ ಮೇಡಂ, ಅಣ್ಣನಿಗೆ ಹೇಳಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತೇನೆ, ಮಕ್ಕಳ ಓದು, ಮಳೆ, ಅಮ್ಮನ ಮಂಡಿನೋವು, ಎಲ್ಲವನ್ನೂ ಮಾತನಾಡುತ್ತೇವೆ, ಅದೊಂದನ್ನು ಬಿಟ್ಟು. ಇಂದು ಶನಿವಾರ. ಇಲ್ಲಿ ರಾತ್ರಿ ಒಂಬತ್ತಾಗುವಾಗ ಅಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಅಣ್ಣ ಮೊದಲ ಪೂಜೆ ಮುಗಿಸಿ ಮನೆಗೆ ಬಂದು ಚಹಾ ಕುಡಿಯುವ ಹೊತ್ತು. ಆಗ ಫೋನ್ ಮಾಡುತ್ತೇನೆ.